ರೇವಪ್ಪ ಮುಧೋಳದ ಎಮ್ಮೆಯನ್ನು ಹೊಗಳಿದ್ದು

ಪರದೇಶಕ್ಕೆ ಹೋಗಬೇಕಾದರೆ ಹಡಗು ಹತ್ತಬೇಕು, ಸಮುದ್ರ ದಾಟಬೇಕು, ನಡುವೆ ಎರಡು ಸಲ ವಾಂತಿ ಮಾಡಿಕೊಳ್ಳಬೇಕು ಎಂದು ಈಗಿನವರು ತಿಳಿದಿದ್ದಾರೆ. ಸಂಸ್ಥಾನಗಳ ಕಾಲದಲ್ಲಿ ನಮ್ಮ ಕಡೆ ಅಷ್ಟೆಲ್ಲ ತ್ರಾಸು ಇರಲಿಲ್ಲ. ಬನಹಟ್ಟಿ ಜಮಖಂಡಿ ಸಂಸ್ಥಾನದ ಊರು. ಮಗ್ಗುಲಲ್ಲೇ ಇರುವ ರಬಕವಿ ಸಾಂಗಲಿ ಸಂಸ್ಥಾನದ್ದು. ಬನಹಟ್ಟಿಯವನು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೊರಟರೆ ಅದನ್ನು ಉಗುಳುವ ಹೊತ್ತಿಗೆ ಪರರಾಜ್ಯದಲ್ಲಿರುತ್ತಿದ್ದ. ಒಂದು ಹಗಲು ನಡೆದರೆ ಮುಧೋಳ. ಅಲ್ಲಿ ಮತ್ತೆ ಬೇರೆ ರಾಜರು, ಬೇರೆ ಕಚೇರಿ. ಬೀಳಗಿಯ ಕಡೆ ತಿರುಗಿದರಂತೂ ನೇರ ಇಂಗ್ಲಿಷರ ಸೀಮೆ. ಹೀಗಾಗಿ ನಮ್ಮ ಹಿರಿಯರೆಲ್ಲ ಕಾಲಲ್ಲಿ ಚಪ್ಪಲಿ ಇಲ್ಲದೆಯೇ ಮೂರು ನಾಲ್ಕು ದೇಶ ತಿರುಗಿದವರು.

ರೇವಪ್ಪ ಮಾತ್ರ ನಲವತ್ತೈದು ವರ್ಷವಾದರೂ ರಬಕವಿಯಿಂದ ಆಚೆಗಿನ ದೇಶ ಕಂಡಿರಲಿಲ್ಲ. ಅವನು ಬನಹಟ್ಟಿಯ ನೇಕಾರ. ಬೆಳಿಗ್ಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಸಂಜೆಗೆ ಏಳುವವನು. ಸೀರೆ ಚೆನ್ನಾಗಿ ನೇಯುತ್ತಿದ್ದ, ಯಾರ ಗೋಜಿಗೂ ಹೋಗುತ್ತಿರಲಿಲ್ಲ. ಅವನಿಗೆ ಇದ್ದದ್ದು ಒಂದೇ ಕೊರಗು: ಹೆಂಡತಿ ತಂಗೆವ್ವ ಇಪ್ಪತ್ತೈದು ವರ್ಷದಲ್ಲಿ ಒಂದು ದಿನವೂ ನಾಲ್ಕು ಮಂದಿಯ ಮುಂದೆ ಅವನ ಬಗ್ಗೆ ಒಳ್ಳೆಯ ಮಾತು ಆಡಿರಲಿಲ್ಲ.

ಆಡದಿದ್ದರೆ ಬೇಡ, ಸುಮ್ಮನಾದರೂ ಇರಬಹುದಿತ್ತಲ್ಲ! ಪಕ್ಕದ ಮನೆಯ ಬನಶಂಕರಿ ಅಪ್ಪಿತಪ್ಪಿ, "ನಿಮ್ಮ ಮನಿಯವ್ರು ಎಷ್ಟ ಸಮಾಧಾನದವರ‍್ರೀ" ಎಂದರೆ ಸಾಕು, ತಂಗೆವ್ವ ಮೊರ ಕೆಳಗಿಟ್ಟು ಸುರುಮಾಡುತ್ತಿದ್ದಳು.

"ಯಾರು, ಇವ್ರಾ? ಕೂಳಿಗೆ ದಂಡ ಅದಾರ! ಕುಂತಲ್ಲಿಂದ ಹಂದಾಡಬೇಕಂದ್ರ ಹಬ್ಬ ಬರಬೇಕು. ಮಳಿ ಬಂದ್ರ ಒಳಗ ಬರ‍್ರಿ ಅಂತ ಇನ್ನೊಬ್ಬರು ಹೇಳಬೇಕು. ಸಂತ್ಯಾಗ ಬಿಟ್ರ ತಮ್ಮನ್ನ ತಾವ ಕಳಕೊಂಡು ಬರ‍್ತಾರ!"

ಬಹುವಚನದಲ್ಲಿ, ಮರ್ಯಾದೆಯಿಂದಲೇ ಬೈಯುತ್ತಿದ್ದಳು. ಒಳಗೆ ಮಗ್ಗದ ಮೇಲೆ ರೇವಪ್ಪನ ಲಾಳಿ ಒಂದು ಗಳಿಗೆ ನಿಂತು ಮತ್ತೆ ಓಡುತ್ತಿತ್ತು. ಬೀದಿಯ ಮಂದಿಗೆಲ್ಲ ಆ ಬೈಗುಳ ಬಾಯಿಪಾಠ. ಅವನಿಗಂತೂ ನೇಯುವಾಗ ಅವೇ ತಾಳವಾಗಿಬಿಟ್ಟಿದ್ದವು.

ಹೀಗಿರುವಾಗ ತಂಗೆವ್ವ ಎಮ್ಮೆ ಕೊಳ್ಳಬೇಕೆಂದಳು. ಮೂರು ವರ್ಷ ಮಂದಿಯ ಮನೆಗೆ ನೂಲು ಸುತ್ತಿಕೊಟ್ಟು ನಲವತ್ತೈದು ರೂಪಾಯಿ ಕೂಡಿಸಿದ್ದಳು. ಮುಧೋಳದ ದನದ ಸಂತೆಯಲ್ಲಿ ಒಳ್ಳೆಯ ಎಮ್ಮೆ ಬರುತ್ತವೆ ಎಂದು ಯಾರೋ ಹೇಳಿದ್ದರು. ರೇವಪ್ಪ ಮನಸ್ಸಿನಲ್ಲೇ ಆಣೆ ಮಾಡಿದ: ಊರೇ ಮೂಗಿನ ಮೇಲೆ ಬೆರಳಿಡುವಂಥ ಎಮ್ಮೆ ತರಬೇಕು, ಆಕೆಯ ಬಾಯಿಂದ, ಮಂದಿಯ ಮುಂದೆ, ಒಂದೇ ಒಂದು ಛಲೋ ಮಾತು ಕೇಳಬೇಕು. ಆಮೇಲೆ ಜೀವನಪೂರ್ತಿ ಬೈದುಕೊಂಡರೂ ಚಿಂತೆಯಿಲ್ಲ.

ಆದರೆ ಪರರಾಜ್ಯ! ಅಲ್ಲಿ ವ್ಯಾಪಾರ ಹೇಗೆ? ಅವನು ಅರಿವೆ ವ್ಯಾಪಾರಿ ಅನಂತಪ್ಪನ ಅಂಗಡಿಗೆ ಹೋದ. ಅನಂತಪ್ಪ ಒಂದು ಕಾಲಕ್ಕೆ ನಿಜವಾಗಿಯೂ ಹಡಗು ಹತ್ತಿ ರಂಗೂನಿಗೆ ಹೋಗಿಬಂದವನು. ಹದಿನೆಂಟು ದಿನ ಅಲ್ಲಿದ್ದು, ಹದಿನೆಂಟು ವರ್ಷದಿಂದ ಅದನ್ನೇ ಹೇಳುತ್ತಿದ್ದ.

"ರೇವಪ್ಪಾ, ನಮ್ಮ ಮಂದಿ ಏನ ಮಾಡ್ತಾರ? ಮಾಲಿಗೆ ಹೆಸರಿಟ್ಟು, ಬೈದು, ಕಾಲಿಲೆ ಒದ್ದು ದರ ಇಳಸ್ತಾರ. ಅದು ಹಳ್ಳಿ ಪದ್ಧತಿ. ಪರದೇಶದಾಗ ಹಂಗ ನಡಿಯಂಗಿಲ್ಲ. ರಂಗೂನಿನ ಬೀದ್ಯಾಗ ನಾ ಒಂದ ಛತ್ರಿ ತಗೊಂಡೆ. ಮೊದಲ ಹೊಗಳಿದೆ. 'ಇಂಥಾದ್ದು ನಮ್ಮ ದೇಶದಾಗ ಇಲ್ಲ' ಅಂದೆ. ಆಮ್ಯಾಲ ಎದಿ ಮ್ಯಾಲ ಕೈ ಇಟ್ಟು, ನಕ್ಕೋತ, 'ತಮಗ ತ್ರಾಸ ಆಗದಿದ್ರ ಒಂದೀಟು ಕಡಿಮಿ ಮಾಡೂದಾಗತೈತೇನ್ರಿ' ಅಂತ ಕೇಳಿದೆ. ಅರ್ಧಕ್ಕ ಕೊಟ್ಟ!"

"ಅಂವಗ ಕನ್ನಡ ಬರ‍್ತಿತ್ತೇನ್ರಿ?"

"ಮರ್ಯಾದಿಗೆ ಭಾಷೆ ಯಾಕ ಬೇಕೋ ಹುಚ್ಚಾ?" ಎಂದ ಅನಂತಪ್ಪ. ಆ ಛತ್ರಿ ಬಿಚ್ಚಿದರೆ ಮುಚ್ಚುತ್ತಿರಲಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

ಮರುದಿನ ನಸುಕಿನಲ್ಲಿ ತಂಗೆವ್ವ ಐದು ರೊಟ್ಟಿ, ಉಳ್ಳಾಗಡ್ಡಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಒಳಗೆ ಹಗ್ಗಕ್ಕೆ, ಜಕಾತಿಗೆ ಬೇರೆ ಚಿಲ್ಲರೆ ಕೊಟ್ಟು, ಅವನ ಸೊಂಟಕ್ಕೆ ರೊಕ್ಕದ ಗಂಟು ಬಿಗಿಯುತ್ತ, "ಬಿಸಲಾಗ ನಡೀಬ್ಯಾಡ್ರಿ, ಗಿಡದ ಬುಡಕ ಕುಂತು ಹೋಗ್ರಿ" ಎಂದು ಮೆಲ್ಲಗೆ ಹೇಳಿದಳು. ಹೊರಗೆ ಬನಶಂಕರಿ ಕಂಡ ಕೂಡಲೆ ದನಿ ಏರಿತು. "ಎಮ್ಮಿ ತರ‍್ತಾರೋ ಕತ್ತಿಮರಿ ತರ‍್ತಾರೋ, ಇವ್ರನ್ನ ನಂಬಿ ಕಳಸಾಕತ್ತೇನಿ ನೋಡವ್ವಾ!"

ಮಾರನೆಯ ದಿನ ಮುಧೋಳದ ಸಂತೆಯಲ್ಲಿ ರೇವಪ್ಪ ಮೊದಲು ಹಗ್ಗದವನ ಮುಂದೆ ನಿಂತ. ಎಮ್ಮೆ ಕಟ್ಟಲು ಹಗ್ಗ ಬೇಕಲ್ಲ. ಎದೆಯ ಮೇಲೆ ಕೈ ಇಟ್ಟ.

"ಏನ ಹಗ್ಗರೀ ಇದು! ಇಂಥಾ ಹಗ್ಗ ನಮ್ಮ ದೇಶದಾಗ ಇಲ್ಲ."

"ಯಾವ ದೇಶ ನಿಮ್ದು?"

"ಬನಹಟ್ಟಿ."

ಹಗ್ಗದವನು ಇವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. "ಈ ಹಗ್ಗ ತಂದದ್ದ ಬನಹಟ್ಟಿಯಿಂದ."

"ಇಲ್ಲಿಗಿ ಬಂದ ಮ್ಯಾಲ ಕಳಾ ಬಂದೈತಿ ಬಿಡ್ರಿ," ಎಂದ ರೇವಪ್ಪ. "ತಮಗ ತ್ರಾಸ ಆಗದಿದ್ರ ಒಂದೀಟು ಕಡಿಮಿ ಮಾಡೂದಾಗತೈತೇನ್ರಿ?"

ಮೂರಾಣೆಯ ಹಗ್ಗವನ್ನು ಅವನು ಎರಡಾಣೆಗೆ ಕೊಟ್ಟು ಬೇಗ ಕಳಿಸಿದ. ಇವನು ಹೋದ ಮೇಲೆ ಪಕ್ಕದವನಿಗೆ, "ಪಾಪ, ಬಿಸಲಿಗೆ ಹಿಂಗಾಗೇತಿ, ಮನಿತನಸ್ತ ಕಾಣತಾನ" ಎಂದ. ರೇವಪ್ಪನಿಗೆ ಅದು ಕೇಳಿಸಲಿಲ್ಲ. ಅವನಿಗೆ ಕಂಡದ್ದು ಉಳಿದ ಒಂದಾಣೆ. ರಂಗೂನಿನ ವಿದ್ಯೆ ಫಲಿಸಿತು ಎಂದು ಎದೆ ಉಬ್ಬಿಸಿಕೊಂಡು ದನಗಳ ಕಡೆ ನಡೆದ.

ಅಲ್ಲಿ ಒಂದು ಬೇವಿನ ಗಿಡದ ಕೆಳಗೆ ಭಾಗವ್ವ ಎಂಬ ಮುದುಕಿ ಎಮ್ಮೆ ಹಿಡಿದು ಕೂತಿದ್ದಳು. ಅರವತ್ತು ದಾಟಿದ ವಿಧವೆ, ಎರಡು ಎಮ್ಮೆ ಸಾಕುವುದು ಕೈಯಲ್ಲಿ ಆಗದೆ ಒಂದನ್ನು ಮಾರಲು ತಂದಿದ್ದಳು. ಆ ಎಮ್ಮೆಯ ಹಣೆಗೆ ಮಸಿ, ಕೊರಳಿಗೆ ಕರಿದಾರ, ದಾರಕ್ಕೆ ಒಂದು ಹರಿದ ಚಪ್ಪಲಿ. ಹೆಸರು ತಿಪ್ಪವ್ವ. ಇಷ್ಟೆಲ್ಲ ಅಂದಗೆಡಿಸಿದರೂ ಅದರ ಚೆಲುವು ಮುಚ್ಚಿರಲಿಲ್ಲ. ಮಿರಿಮಿರಿ ಮೈ, ಸುರುಳಿ ಕೊಂಬು, ಭಾರಕ್ಕೆ ತೂಗುವ ಕೆಚ್ಚಲು, ಪಕ್ಕದಲ್ಲಿ ಎಳೆಗರು. ಸುತ್ತ ಏಳೆಂಟು ಗಿರಾಕಿಗಳು ನಿಂತು ಹಳ್ಳಿ ಪದ್ಧತಿಯಂತೆ ಬೈಯುತ್ತಿದ್ದರು. "ಏನ ಬಡಕ ಐತಬೇ ಇದು!" "ಇದರ ಬಾಲ ನೋಡು, ಹುರಿ ಬಿಚ್ಚಿದ ಹಗ್ಗ!" ಭಾಗವ್ವನೂ ಸಂತೋಷದಿಂದ, "ಹೌದಪ್ಪಾ, ದರಿದ್ರ ಮುಂಡೇದು, ಅರವತ್ತು ರೂಪಾಯಿ" ಎನ್ನುತ್ತಿದ್ದಳು. ಎಲ್ಲ ಸುಸೂತ್ರ ನಡೆದಿತ್ತು.

ರೇವಪ್ಪ ಮುಂದೆ ಬಂದು ಎದೆಗೆ ಕೈ ಇಟ್ಟ.

"ಯವ್ವಾ, ಏನ ಎಮ್ಮಿರೀ ಇದು! ಏನ ಮೈ, ಏನ ಕೆಚ್ಚಲು! ಇಂಥಾ ಛಂದನ ಎಮ್ಮಿ ನಮ್ಮ ದೇಶದಾಗ ಹುಟ್ಟೇ ಇಲ್ಲ. ಎರಡು ಕೊಡ ಹಾಲು ಕೊಡಬೇಕು ನೋಡ್ರಿ!"

ಸಂತೆ ಗಪ್ಪಾಯಿತು.

ದೃಷ್ಟಿ ಎಂಬುದು ರೇವಪ್ಪನಿಗೆ ಗೊತ್ತಿರಲಿಲ್ಲವೆಂದಲ್ಲ. ಬನಹಟ್ಟಿಯಲ್ಲಿ ಅವನು ಯಾರ ಎಮ್ಮೆಯನ್ನೂ, ಯಾರ ಕೂಸನ್ನೂ ಹೀಗೆ ಬಾಯಿಬಿಟ್ಟು ಹೊಗಳಿದವನಲ್ಲ. ಆದರೆ ಅದು ಜಮಖಂಡಿ ಸಂಸ್ಥಾನದ ಕಾಯಿದೆ ಎಂದು ತಿಳಿದಿದ್ದ. ಮುಧೋಳ ಸಂಸ್ಥಾನದಲ್ಲಿಯೂ ಅದು ಜಾರಿಯಲ್ಲಿದೆ ಎಂದು ರಂಗೂನಿನ ಅನಂತಪ್ಪ ತಿಳಿಸಿರಲಿಲ್ಲ.

"ಎಲಾ ಇವನ!" ಎಂದು ಭಾಗವ್ವ ಎದ್ದಳು. "ಮಸಿ ಹಚ್ಚೇನಿ, ಚಪ್ಪಲಿ ಕಟ್ಟೇನಿ, ಆದ್ರೂ ಕಣ್ಣ ಹಾಕಿದಿ ಏನೋ! ಯಾವ ಊರಾಂವಲೇ ನೀ?"

ಅದೇ ಹೊತ್ತಿಗೆ ಒಬ್ಬ ಗಿರಾಕಿ ಹಾಲು ಹಿಂಡಿ ತೋರಿಸೆಂದ. ಭಾಗವ್ವ ತಂಬಿಗೆ ಹಿಡಿದು ಕೂತಳು. ಎಮ್ಮೆ ಕಾಲು ಝಾಡಿಸಿತು. ಕರುವನ್ನು ಬಿಟ್ಟಳು, ಮೈ ತಿಕ್ಕಿದಳು, ಹಿಂಡಿ ತಿನ್ನಿಸಿದಳು. ಒಂದು ಹನಿ ಇಳಿಯಲಿಲ್ಲ. ಸುತ್ತ ಇಷ್ಟು ಮಂದಿ ಕೂಡಿ ಒದರಾಡಿದರೆ ಯಾವ ಎಮ್ಮೆಯಾದರೂ ಹಾಲು ಏರಿಸಿಕೊಳ್ಳುತ್ತದೆ. ಆದರೆ ಸಂತೆಯಲ್ಲಿ ಅಂಥ ಸಾದಾ ಕಾರಣ ಯಾರಿಗೆ ಬೇಕು?

"ಪರದೇಶಿ ದೃಷ್ಟಿ! ನಮ್ಮೂರ ದೃಷ್ಟಿ ಆಗಿದ್ರ ಉಪ್ಪಿಗೆ ಇಳೀತಿತ್ತು" ಎಂದ ಒಬ್ಬ. ಇನ್ನೊಬ್ಬ ಓಡಿಹೋಗಿ ಸಂತೆಯ ಪಟ್ಟಿ ವಸೂಲಿ ಮಾಡುವ ಕಾರಕೂನ ತುಕಾರಾಮನನ್ನು ಕರೆತಂದ.

"ಕಾಯ ಭಾನಗಡಿ? ಏನ ಗದ್ದಲ ಇದು?" ಎನ್ನುತ್ತ ತುಕಾರಾಮ ರುಮಾಲು ಸರಿಮಾಡಿಕೊಂಡ. ವಿಷಯ ಕೇಳಿದ, ರೇವಪ್ಪನ ಹೆಸರು ಊರು ಕೇಳಿದ. ಕಿವಿಯ ಸಂದಿಯಿಂದ ಟಾಕು ತೆಗೆದ. ಕಾಗದದ ಮೇಲೆ ಇಟ್ಟ. ಮತ್ತೆ ಎತ್ತಿದ.

"ಜಮಖಂಡಿ ಸಂಸ್ಥಾನದ ಪ್ರಜಾ ಮುಧೋಳ ಸಂಸ್ಥಾನದ ಎಮ್ಮಿಗಿ ದೃಷ್ಟಿ ಹಾಕ್ಯಾನ. ಇದಕ್ಕ ಯಾವ ಕಲಮು ಹಚ್ಚೂದು? ಕಳವು ಅಂತ ಬರೀಲೇನು? ಏನೂ ಒಯ್ದಿಲ್ಲ. ಬೈದಾನೇನು? ಹೊಗಳ್ಯಾನ. ಇಪ್ಪತ್ತ ವರ್ಷ ನೋಕರಿ ಮಾಡೇನಿ, ಹೊಗಳಿದ್ದಕ್ಕ ಫಿರ್ಯಾದಿ ಬಂದದ್ದು ಇದ ಮೊದಲು. ಏನಪ್ಪಾ ರೇವಪ್ಪಾ, ಯಾಕ ಹೊಗಳಿದಿ? ಖರೆ ಹೇಳು."

"ಮರ್ಯಾದಿಗೆ ಸಾಹೇಬ್ರ," ಎಂದ ರೇವಪ್ಪ.

"ಮರ್ಯಾದಿಗೆ!" ತುಕಾರಾಮ ಅದನ್ನು ಬರೆದುಕೊಂಡು, ಕೆಳಗೆ ಗೆರೆ ಎಳೆದ.

ಇಷ್ಟರಲ್ಲಿ ತಿಪ್ಪವ್ವನ ಬೆಲೆ ಎಲ್ಲರ ಕಣ್ಣೆದುರಿಗೇ ಇಳಿಯುತ್ತಿತ್ತು. ಐವತ್ತು ಎಂದವನು ಮೂವತ್ತು ಎಂದ. ಮೂವತ್ತು ಎಂದವನು ಹೊರಟುಹೋದ. ಕೊನೆಗೆ ಒಬ್ಬ ಬೀಡಿ ಸೇದುತ್ತ, "ಹದಿನೈದಕ್ಕ ಕೊಡ್ತಿದ್ರ ಕೊಡು ಮುದುಕೀ, ಚರ್ಮಕ್ಕಾದ್ರೂ ಆಗತೈತಿ" ಎಂದ. ಭಾಗವ್ವ ಎಮ್ಮೆಯ ಕುತ್ತಿಗೆಗೆ ಕೈ ಹಾಕಿ ನಿಂತಳು, ಅಷ್ಟೆ.

ರೇವಪ್ಪನೂ ಹದಿನೈದಕ್ಕೋ ಇಪ್ಪತ್ತಕ್ಕೋ ಕೇಳಬಹುದಿತ್ತು. ಜಾಣನಾದವನು ಹಾಗೇ ಮಾಡುತ್ತಿದ್ದ. ಅವನು ಸೊಂಟದ ಗಂಟು ಬಿಚ್ಚಿ ಮುದುಕಿಯ ಮುಂದೆ ಹಿಡಿದ.

"ಯವ್ವಾ, ನಲವತ್ತೈದು ಅದಾವು. ಎಲ್ಲಾ ತಗೋರಿ. ತಪ್ಪ ನಂದು. ಹಾಲ ಕೊಡದಿದ್ರೂ ನಾ ಒಯ್ತೇನಿ."

ಹಾಲಿಲ್ಲದ ಎಮ್ಮೆ ಹೊಡೆದುಕೊಂಡು ಹೋದರೆ ಮನೆಯಲ್ಲಿ ಏನಾಗುತ್ತದೆ ಎಂಬುದು ಅವನಿಗೆ ಪೂರ್ತಿ ಗೊತ್ತಿತ್ತು. ಛಲೋ ಮಾತಿನ ಆಸೆ ಅಲ್ಲಿಗೇ ಮುಗಿಯಿತು. ಆದರೂ ಚಾಚಿದ ಕೈ ಹಿಂದೆ ತೆಗೆಯಲಿಲ್ಲ.

ಭಾಗವ್ವ ಅವನ ಮುಖ ನೋಡಿದಳು. ಸಿಟ್ಟು ಅರ್ಧ ಇಳಿಯಿತು.

"ಹಾಲಿಲ್ಲದ ಎಮ್ಮಿ ಮಾರಿ ನಾ ಪಾಪ ಕಟ್ಟಿಕೋಬೇಕೇನು? ಗಂಟು ಕಟ್ಟು. ಯಾರ ಬಾಯಿ ಹೊಗಳೇತಿ, ಅದ ಬಾಯಿ ಬೈಬೇಕು. ಬೈ ನನ್ನ ಎಮ್ಮಿಗಿ. ಎದಿ ತುಂಬಿ ಬೈ!"

"ಬೈ, ಬೈ!" ಎಂದಿತು ಸಂತೆ. ತುಕಾರಾಮನೂ, "ಬೈದಬಿಡಪ್ಪಾ, ಕಾಗದ ಹರದ ಹಾಕ್ತೇನಿ" ಎಂದ.

ರೇವಪ್ಪ ಎಮ್ಮೆಯ ಎದುರು ನಿಂತ. ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು.

"ತಾವು... ಅಷ್ಟೇನು ಛಲೋ ಇಲ್ಲ ಬಿಡ್ರಿ," ಎಂದ.

ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಮ್ಮೆ ಮೋರೆ ತಿರುಗಿಸಿತು. ರೇವಪ್ಪನಿಗೆ ಬೈಗುಳವೇ ನೆನಪಾಗಲಿಲ್ಲ. ಇನ್ನೊಬ್ಬರಿಗೆ ಬೈದು ಅಭ್ಯಾಸವಿರಲಿಲ್ಲ. ಬೈಸಿಕೊಂಡು ಮಾತ್ರ ಇತ್ತು. ಆಗ ಇಪ್ಪತ್ತೈದು ವರ್ಷ ಮಗ್ಗದ ತಾಳಕ್ಕೆ ಕೇಳಿದ ದನಿ ಕಿವಿಯಲ್ಲಿ ಬಂತು. ಅವನು ಕಣ್ಣು ಮುಚ್ಚಿದ.

"ಕೂಳಿಗೆ ದಂಡ!" ಎಂದು ಒದರಿದ. "ಹಂದಾಡಬೇಕಂದ್ರ ಹಬ್ಬ ಬರಬೇಕು ನಿನಗ! ಮಳಿ ಬಂದ್ರ ಒಳಗ ಬಾ ಅಂತ ಇನ್ನೊಬ್ಬರು ಹೇಳಬೇಕು! ಉಂಡ ಗಂಗಾಳ ಎತ್ತೂದು ಗೊತ್ತಿಲ್ಲ! ಕರದ್ರ ಓ ಅನ್ನಂಗಿಲ್ಲ!"

ಒಂದರ ಹಿಂದೆ ಒಂದು ಬಂದವು. ಬನಹಟ್ಟಿಯ ಬೀದಿಯ ಪೂರ್ತಿ ಉಗ್ರಾಣ ಮುಧೋಳದ ಸಂತೆಯಲ್ಲಿ ಬಿಚ್ಚಿಕೊಂಡಿತು. ಮಂದಿ ನಗುವುದನ್ನು ಬಿಟ್ಟು ಬಾಯಿ ತೆರೆದು ಕೇಳತೊಡಗಿತು. ಇಂಥ ಗಲಾಟೆಯಿಲ್ಲದ ಗಳಿಗೆ ಸಿಕ್ಕದ್ದೇ ತಡ, ಕರು ಹೋಗಿ ಕೆಚ್ಚಲಿಗೆ ಗುದ್ದಿತು. ಭಾಗವ್ವ ತಂಬಿಗೆ ಹಿಡಿದಳು. ಚುರ್ ಎಂದು ಹಾಲು ಬಿತ್ತು. ತಂಬಿಗೆ ತುಂಬಿ ನೊರೆ ಹೊರಗೆ ಚೆಲ್ಲಿತು.

"ಐವತ್ತೈದು ಕೊಡ್ತೇನಿ!" ಎಂದು ಬೀಡಿಯವನು ಮುಂದೆ ನುಗ್ಗಿದ.

"ನೀ ಚರ್ಮ ಕೇಳಿದಾಂವ, ಹಿಂದಕ ಸರಿ," ಎಂದಳು ಭಾಗವ್ವ. ರೇವಪ್ಪನ ಕಡೆ ತಿರುಗಿದಳು. "ತಮ್ಮಾ, ಹದಿನಾಲ್ಕು ಕುಂದ ಹೇಳೀದಿ, ನಾ ಎಣಿಸೇನಿ. ಕುಂದಿಗೊಂದು ರೂಪಾಯಿ ಬಿಟ್ಟೆ. ನಲವತ್ತಾರಕ್ಕ ಬಂತು. ಇನ್ನೊಂದು ಹೇಳು, ನಿನ್ನ ಗಂಟಿಗಿ ಸರಿ ಆಗತೈತಿ."

ರೇವಪ್ಪ ತಡವರಿಸಿದ. ಒಂದೇ ಉಳಿದಿತ್ತು. "ಸಂತ್ಯಾಗ ಬಿಟ್ರ ತನ್ನನ್ನ ತಾನ ಕಳಕೊಂಡು ಬರ‍್ತಾಳ," ಎಂದ ಮೆಲ್ಲಗೆ.

ತುಕಾರಾಮ ಕಾಗದ ಹರಿದುಹಾಕಿ ಪಾವತಿ ಬರೆದುಕೊಟ್ಟ. ಹಗ್ಗ ಕೈಗೆ ಕೊಡುತ್ತ ಭಾಗವ್ವ ಕೇಳಿದಳು. "ಇಂಥಾ ಬೈಗಳ ಎಲ್ಲಿ ಕಲತ್ಯೋ ನೀ?"

"ನಮ್ಮ ಮನ್ಯಾಕಿ ನನಗ ಬೈತಾಳವ್ವ. ನಾಲ್ಕ ಮಂದಿ ಮುಂದ."

"ಮಂದಿ ಮುಂದ. ಮತ್ತ ಯಾರೂ ಇಲ್ಲದಾಗ?"

ರೇವಪ್ಪ ನೆನಪು ಮಾಡಿಕೊಂಡ. ಯಾರೂ ಇಲ್ಲದಾಗ ಬಿಸಿಲಲ್ಲಿ ನಡೆಯಬೇಡಿ ಎನ್ನುತ್ತಾಳೆ. ಇನ್ನೊಂದು ರೊಟ್ಟಿ ಹಾಕಿಕೊಳ್ಳಿ ಎನ್ನುತ್ತಾಳೆ. ಬೈದದ್ದು ಒಂದೂ ನೆನಪಾಗಲಿಲ್ಲ.

"ಮಸಿ ಹಚ್ಚಿ ಚಪ್ಪಲಿ ಕಟ್ಟಿದ್ದು ನನಗ ಈ ಎಮ್ಮಿ ಬ್ಯಾಡಾಗಿತ್ತು ಅಂತ ಅಲ್ಲೋ ಹುಚ್ಚಪ್ಪಾ," ಎಂದಳು ಭಾಗವ್ವ. ಸೆರಗಿನಿಂದ ಕಣ್ಣು ಒರೆಸಿಕೊಂಡು, ಎಮ್ಮೆಯ ಬೆನ್ನಿಗೆ ಒಂದು ಗುದ್ದು ಹಾಕಿ, "ಹೋಗ, ಪೀಡಾ ಹೋತು!" ಎಂದು ಮೋರೆ ತಿರುಗಿಸಿದಳು.

ಎಮ್ಮೆ, ಕರು ಹೊಡೆದುಕೊಂಡು ದಾರಿಯುದ್ದಕ್ಕೂ ರೇವಪ್ಪ ವಿಚಾರ ಮಾಡುತ್ತ ಬಂದ. ಗಡಿಯ ಸುಂಕದ ನಾಕೆಯಲ್ಲಿ ಜಕಾತಿಯವನು, "ಎಮ್ಮಿ ಭಾಳ ಛಲೋ—" ಎಂದು ಬಾಯಿ ತೆರೆದ ಕೂಡಲೆ ಇವನು, "ಎಲ್ಲೀ ಛಲೋ! ದರಿದ್ರ ಐತ್ರಿ, ದರಿದ್ರ!" ಎಂದು ಚೀರಿದ. ಜಕಾತಿಯವನು ಹೆದರಿ ಎರಡು ಹೆಜ್ಜೆ ಹಿಂದೆ ಸರಿದ. ರೇವಪ್ಪನ ಕೈ ಮಾತ್ರ ತಿಪ್ಪವ್ವನ ಕೊರಳಿನ ಮೇಲೆಯೇ ಇತ್ತು.

ಮರುದಿನ ಮಧ್ಯಾಹ್ನ ಬನಹಟ್ಟಿಯ ಬೀದಿ ಎಮ್ಮೆಯ ಸುತ್ತ ಕೂಡಿತು. ತಂಗೆವ್ವ ಹೊಸ್ತಿಲಲ್ಲಿ ನಿಂತು ನೋಡಿದಳು. ಅವಳ ಮುಖ ಅರಳಿದ್ದನ್ನು ರೇವಪ್ಪ ಕಂಡ. ಮರುಗಳಿಗೆಗೇ ಅವಳು ಅದನ್ನು ಮುದುಡಿಸಿದ್ದನ್ನೂ ಕಂಡ.

"ಎಂಥಾ ದರಿದ್ರ ಎಮ್ಮಿ ಹಿಡಕೊಂಡ ಬಂದೀರಿ! ಕಣ್ಣಿದ್ದುವೋ ಇಲ್ಲೋ?" ಎಂದಳು. ಎನ್ನುತ್ತಲೇ ಎಮ್ಮೆಯ ಹಣೆಗೆ ಹಣೆ ಹಚ್ಚಿದಳು.

ಬನಶಂಕರಿ ಸುಮ್ಮನಿರಲಿಲ್ಲ. "ಎಮ್ಮಿ ಇರಲೆವ್ವಾ, ನಿಮ್ಮ ಮನಿಯವ್ರು ಬಲೇ ಹುಷಾರು ಬಿಡ್ರಿ. ಒಬ್ಬರ ಪರರಾಜ್ಯಕ್ಕ ಹೋಗಿ—"

"ಯಾರು, ಇವ್ರಾ?" ತಂಗೆವ್ವ ನಡುವೆಯೇ ಬಾಯಿ ಹಾಕಿದಳು. "ಕೂಳಿಗೆ ದಂಡ! ಹಂದಾಡಬೇಕಂದ್ರ ಹಬ್ಬ ಬರಬೇಕು!"

ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ರೇವಪ್ಪ ಆ ಮಾತು ಕೇಳುವಾಗ ಅವಳ ಮುಖ ನೋಡಿದ. ಸಿಟ್ಟು ಇರಲಿಲ್ಲ. ಗಾಬರಿ ಇತ್ತು. ಬನಶಂಕರಿಯ ಮಾತು ಅವನಿಗೆ ತಾಗುವುದರೊಳಗೆ ತನ್ನದನ್ನು ಅಡ್ಡ ಹಾಕುವ ಅವಸರವಿತ್ತು.

ಅವಳು ಒಳಗೆ ಓಡಿ ಉಪ್ಪು, ಒಣಮೆಣಸಿನಕಾಯಿ ತಂದಳು. ಒಂದು ಹಿಡಿ ಎಮ್ಮೆಗೆ ನಿವಾಳಿಸಿದಳು. ಆಮೇಲೆ ಎರಡೂ ಕೈ ತುಂಬ ಹಿಡಿದುಕೊಂಡು ಗಂಡನ ಮುಂದೆ ಬಂದಳು. "ಸುಮ್ನ ನಿಂದರ‍್ರಿ" ಎಂದು ತಲೆಯಿಂದ ಕಾಲಿನವರೆಗೆ ಮೂರು ಸಲ ಇಳಿಸಿ ಒಲೆಗೆ ಚೆಲ್ಲಿದಳು. ಮೆಣಸಿನಕಾಯಿಯ ಹೊಗೆ ಬೀದಿಗೆ ನುಗ್ಗಿತು. ಬನಶಂಕರಿ ಕೆಮ್ಮಿದಳು, ಮಂದಿ ಕೆಮ್ಮಿತು, ತಿಪ್ಪವ್ವ ಕೂಡ ಸೀನಿತು. ದೃಷ್ಟಿ ಜೋರಾಗಿದ್ದರೆ ಘಾಟು ಬರುವುದಿಲ್ಲ ಎಂಬುದು ಎಲ್ಲರೂ ಬಲ್ಲ ಮಾತು.

ತಂಗೆವ್ವ ಕಣ್ಣಲ್ಲಿ ನೀರು ಸುರಿಸುತ್ತ, ಕೆಮ್ಮು ನುಂಗುತ್ತ, "ನೋಡ್ರಿ, ಒಂದೀಟರ ಘಾಟು ಬಂತೇನು? ಅಷ್ಟ ದೃಷ್ಟಿ ಆಗೇತಿ ಇವ್ರಿಗೆ" ಎಂದಳು.

ಆ ಹೊಗೆಯಲ್ಲಿ ರೇವಪ್ಪ ಅವಳ ಹತ್ತಿರ ಬಾಗಿದ. "ತಂಗೆವ್ವಾ, ಅದನ್ನ ಇನ್ನೊಮ್ಮಿ ಅನ್ನು."

"ಯಾದನ್ನ?"

"ಅದ... ಕೂಳಿಗೆ ದಂಡ ಅಂತ."